ಹಸಿ ಕಸದಿಂದ ಪಶು ಆಹಾರ: ಕಪ್ಪು ಸೈನಿಕ ನೊಣದ ಮರಿಹುಳು ಸಾಕಣೆಯ ಲೆಕ್ಕಾಚಾರ

ಕೋಳಿ, ಮೀನು ಹಾಗೂ ಸೀಗಡಿ ಸಾಕಣೆಯ ಉತ್ಪಾದನಾ ವೆಚ್ಚದಲ್ಲಿ ಆಹಾರದ ಪಾಲೇ ಅತಿ ದೊಡ್ಡದು. ಮಾಂಸದ ಕೋಳಿ ಸಾಕಣೆಯಲ್ಲಿ ಇದು ಸಾಮಾನ್ಯವಾಗಿ ಶೇ. 60ರಿಂದ 70ರಷ್ಟಿರುತ್ತದೆ. ಆಹಾರದ ಘಟಕಗಳ ಪೈಕಿ ಪ್ರೋಟೀನ್ ಒದಗಿಸುವ ಸೋಯಾ ಹಿಂಡಿ ಮತ್ತು ಮೀನುಪುಡಿಗಳ ಬೆಲೆ ಉದ್ಯಮಿಯ ಹಿಡಿತದಲ್ಲಿರುವುದಿಲ್ಲ. 2021ರಲ್ಲಿ ಸೋಯಾ ಹಿಂಡಿಯ ಬೆಲೆ ವಿಪರೀತ ಏರಿದಾಗ ಕೇಂದ್ರ ಸರಕಾರವು ಆಗಸ್ಟ್ ತಿಂಗಳಲ್ಲಿ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಅನುಮತಿ ನೀಡಬೇಕಾಯಿತು. 2023ರಲ್ಲಿ ಎಲ್ ನಿನೋ ಪ್ರಭಾವದಿಂದ ಪೆರು ದೇಶವು ಆಂಚೊವಿ ಮೀನುಗಾರಿಕೆಯ ಮೊದಲ ಋತುವನ್ನೇ ರದ್ದುಪಡಿಸಿದಾಗ ಜಗತ್ತಿನ ಮೀನುಪುಡಿ ಮಾರುಕಟ್ಟೆ ತತ್ತರಿಸಿತು.

ಇನ್ನೊಂದೆಡೆ ನಗರಗಳ ಹಸಿ ಕಸದ ಸಮಸ್ಯೆಯಿದೆ. ದಿನವೊಂದಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ಕಸ ಉತ್ಪಾದಿಸುವವರನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸಗಟು ಉತ್ಪಾದಕರೆಂದು ಗುರುತಿಸಿ, ಹಸಿ ಕಸವನ್ನು ಸಾಧ್ಯವಾದಷ್ಟೂ ತಮ್ಮ ಆವರಣದಲ್ಲಿಯೇ ಸಂಸ್ಕರಿಸುವ ಹೊಣೆಯನ್ನು ಅವರ ಮೇಲೆ ಹೊರಿಸಿದವು. ಹೋಟೆಲು, ಕಲ್ಯಾಣ ಮಂಟಪ, ತರಕಾರಿ ಮಾರುಕಟ್ಟೆ, ಆಹಾರ ಸಂಸ್ಕರಣಾ ಘಟಕಗಳಿಗೆ ಕಸವು ಖರ್ಚಿನ ಬಾಬತ್ತಾಗಿದೆ.

ಈ ಎರಡು ಸಮಸ್ಯೆಗಳನ್ನು ಒಂದೇ ಎಳೆಯಲ್ಲಿ ಪೋಣಿಸುವ ಪ್ರಯತ್ನವೇ ಕೀಟಗಳ ಮರಿಹುಳು ಸಾಕಣೆ. ಕಸ ಕೊಳ್ಳುವ ಬದಲು ಕಸಕ್ಕೆ ಹಣ ಪಡೆದು, ಅದನ್ನು ಹುಳುವಿಗೆ ತಿನ್ನಿಸಿ, ಹುಳುವನ್ನು ಪ್ರೋಟೀನ್ ಆಗಿ ಮಾರುವ ಈ ವ್ಯವಹಾರ ಕಾಗದದ ಮೇಲೆ ಬಹಳ ಆಕರ್ಷಕವಾಗಿ ಕಾಣುತ್ತದೆ. ವಾಸ್ತವದಲ್ಲಿ ಅದು ಎಲ್ಲಿ ನಿಲ್ಲುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಬಂಡವಾಳ ಹೂಡುವ ಮುನ್ನ ಅರಿಯುವುದು ಅವಶ್ಯಕ.

ಕೀಟದ ಪರಿಚಯ

ಈ ಉದ್ಯಮದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಬ್ಲ್ಯಾಕ್ ಸೋಲ್ಜರ್ ಫ್ಲೈ, ಅಂದರೆ ಕಪ್ಪು ಸೈನಿಕ ನೊಣ. ಇದರ ವೈಜ್ಞಾನಿಕ ನಾಮ ಹರ್ಮೇಶಿಯಾ ಇಲ್ಯುಸೆನ್ಸ್. ಅಮೆರಿಕ ಖಂಡದ ಮೂಲದ ಈ ಕೀಟ ಇಂದು ಭಾರತವೂ ಸೇರಿದಂತೆ ಉಷ್ಣ ಪ್ರದೇಶಗಳೆಲ್ಲೆಡೆ ಹರಡಿದೆ. ತಿಪ್ಪೆಗುಂಡಿಗಳಲ್ಲಿ, ಮನೆಯ ಕಾಂಪೋಸ್ಟ್ ಡಬ್ಬಿಗಳಲ್ಲಿ ಕಾಣಿಸುವ ಚಪ್ಪಟೆಯಾದ ಕಂದು ಬಣ್ಣದ ಹುಳುಗಳು ಅನೇಕ ವೇಳೆ ಇದರ ಮರಿಗಳೇ ಆಗಿರುತ್ತವೆ.

ಮನೆ ನೊಣಕ್ಕೂ ಇದಕ್ಕೂ ಮುಖ್ಯವಾದ ವ್ಯತ್ಯಾಸವಿದೆ. ಬೆಳೆದ ಕಪ್ಪು ಸೈನಿಕ ನೊಣ ಕಚ್ಚುವುದಿಲ್ಲ. ನೀರಿನ ಹೊರತು ಅದಕ್ಕೆ ಆಹಾರದ ಅಗತ್ಯವೂ ಬೀಳುವುದಿಲ್ಲ. ಮರಿಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನ ಬಲದಿಂದಲೇ ಅದು ಒಂದೆರಡು ವಾರ ಬದುಕಿ, ಕೂಡಿ, ಮೊಟ್ಟೆಯಿಟ್ಟು ಸಾಯುತ್ತದೆ. ಊಟದ ತಟ್ಟೆಯ ಮೇಲೆ ಕೂರದ ಕಾರಣ ರೋಗ ಹರಡುವ ಭೀತಿ ಕಡಿಮೆ.

ಒಂದು ಹೆಣ್ಣು ನೊಣ ಸುಮಾರು 500 ಮೊಟ್ಟೆಗಳನ್ನು ಕೊಳೆಯುವ ಪದಾರ್ಥದ ಸಮೀಪದ ಒಣ ಸಂದುಗಳಲ್ಲಿ ಇಡುತ್ತದೆ. ಮೂರು ನಾಲ್ಕು ದಿನಗಳಲ್ಲಿ ಮೊಟ್ಟೆಯೊಡೆದ ಮರಿ ಬೆಚ್ಚಗಿನ ವಾತಾವರಣದಲ್ಲಿ ಎರಡರಿಂದ ಮೂರು ವಾರಗಳಲ್ಲಿ ಪೂರ್ಣ ಬೆಳೆಯುತ್ತದೆ. ಬಳಿಕ ಆಹಾರ ತ್ಯಜಿಸಿ, ಒಣ ಜಾಗ ಹುಡುಕಿಕೊಂಡು ತಾನಾಗಿಯೇ ತೆವಳುತ್ತದೆ. ಈ ಸ್ವಭಾವವನ್ನು ಬಳಸಿಕೊಂಡು, ಇಳಿಜಾರು ಕಟ್ಟೆಯ ಮೂಲಕ ಹುಳುಗಳು ತಾವೇ ಬಂದು ಡಬ್ಬಿಗೆ ಬೀಳುವಂತೆ ಮಾಡುವುದೂ ಉಂಟು. ಆದರೆ ವಾಣಿಜ್ಯ ಘಟಕಗಳಲ್ಲಿ ಅದಕ್ಕೂ ಮುಂಚಿತವಾಗಿ, ಹುಳು ಇನ್ನೂ ಮೃದುವಾಗಿರುವಾಗಲೇ ಜರಡಿ ಹಿಡಿದು ಬೇರ್ಪಡಿಸುವುದು ರೂಢಿ.

ಒಣಗಿಸಿದ ಮರಿಹುಳುವಿನಲ್ಲಿ ಸುಮಾರು ಶೇ. 40ರಷ್ಟು ಪ್ರೋಟೀನ್ ಹಾಗೂ ಶೇ. 30ರ ಆಸುಪಾಸಿನಲ್ಲಿ ಕೊಬ್ಬು ಇರುತ್ತದೆ. ಎಣ್ಣೆ ಹಿಂಡಿದ ನಂತರದ ಪುಡಿಯಲ್ಲಿ ಪ್ರೋಟೀನ್ ಶೇ. 50ರಿಂದ 60ಕ್ಕೆ ಏರುತ್ತದೆ. ಸೋಯಾ ಹಿಂಡಿಯಲ್ಲಿ ಇದು ಶೇ. 44ರಿಂದ 48. ಹುಳುವಿನ ಕೊಬ್ಬಿನಲ್ಲಿ ಕೊಬ್ಬರಿ ಎಣ್ಣೆಯಲ್ಲಿರುವಂತೆಯೇ ಲಾರಿಕ್ ಆಮ್ಲದ ಪಾಲು ಹೆಚ್ಚು. ಕ್ಯಾಲ್ಸಿಯಂ ಕೂಡ ಸಮೃದ್ಧವಾಗಿದೆ. ಆದರೆ ತಿಂದ ಆಹಾರವನ್ನು ಅವಲಂಬಿಸಿ ಈ ಅಂಕಿಗಳು, ವಿಶೇಷವಾಗಿ ಕೊಬ್ಬಿನ ಪ್ರಮಾಣ, ಗಣನೀಯವಾಗಿ ಏರಿಳಿಯುತ್ತವೆ. ಪಶು ಆಹಾರ ತಯಾರಕರು ಮೊದಲು ಕೇಳುವ ಪ್ರಶ್ನೆಯೂ ಇದೇ: ಪ್ರತಿ ಸರಕಿನಲ್ಲಿಯೂ ಒಂದೇ ಗುಣಮಟ್ಟ ದೊರೆಯುವುದೇ?

ಘಟಕದ ನಾಲ್ಕು ವಿಭಾಗಗಳು

ರೇಷ್ಮೆ ಕೃಷಿಯನ್ನು ಬಲ್ಲ ಕರ್ನಾಟಕದ ಓದುಗರಿಗೆ ಈ ಘಟಕದ ರಚನೆ ಅಪರಿಚಿತವೆನಿಸದು. ಬಿತ್ತನೆ ಕೋಠಿ, ಚಾಕಿ ಸಾಕಣೆ ಕೇಂದ್ರ, ದೊಡ್ಡ ಹುಳುವಿನ ಮನೆ, ರೀಲಿಂಗ್ ಘಟಕಗಳಂತೆ ಇಲ್ಲಿಯೂ ನಾಲ್ಕು ವಿಭಾಗಗಳಿವೆ.

ಮೊದಲನೆಯದು ಸಂತಾನೋತ್ಪತ್ತಿ ವಿಭಾಗ. ಬಲೆಯ ಪಂಜರಗಳಲ್ಲಿ ನೊಣಗಳನ್ನು ಬಿಟ್ಟು, ಸಂದುಗಳುಳ್ಳ ಮರದ ಪಟ್ಟಿಗಳಲ್ಲಿ ಮೊಟ್ಟೆ ಸಂಗ್ರಹಿಸಲಾಗುತ್ತದೆ. ನೊಣಗಳು ಕೂಡಲು ಪ್ರಖರವಾದ ಬೆಳಕು ಬೇಕು. ಮೋಡ ಮುಸುಕಿದ ಮಳೆಗಾಲದಲ್ಲಿ ಮೊಟ್ಟೆಯ ಇಳುವರಿ ಕುಸಿಯುವುದರಿಂದ ಸೂಕ್ತ ತರಂಗಾಂತರದ ದೀಪಗಳ ವ್ಯವಸ್ಥೆ ಅನಿವಾರ್ಯವಾಗುತ್ತದೆ.

ಎರಡನೆಯದು ಎಳೆಮರಿಗಳ ವಿಭಾಗ. ಮೊದಲ ಐದು ದಿನ ಮರಿಗಳಿಗೆ ತೌಡು ಅಥವಾ ಕೋಳಿ ಆಹಾರದಂತಹ ಶುದ್ಧ ಮೇವು ಕೊಡಲಾಗುತ್ತದೆ. ಚಾಕಿ ಹುಳುವಿಗೆ ಎಳೆಯ ಸೊಪ್ಪು ಕತ್ತರಿಸಿ ಹಾಕುವ ಎಚ್ಚರವೇ ಇಲ್ಲಿಯೂ ಬೇಕು. ಇಲ್ಲಿ ಮರಿ ಸತ್ತರೆ ಮುಂದಿನ ಇಡೀ ತಂಡವೇ ಸೊರಗುತ್ತದೆ.

ಮೂರನೆಯದು ಕಸ ಸಂಸ್ಕರಣೆ. ಪ್ಲಾಸ್ಟಿಕ್, ಗಾಜು ಮುಂತಾದವುಗಳನ್ನು ಬೇರ್ಪಡಿಸಿ, ಕಸವನ್ನು ಒಂದೆರಡು ಸೆಂಟಿಮೀಟರಿಗಿಂತ ಚಿಕ್ಕದಾಗಿ ಪುಡಿಮಾಡಿ, ತೇವಾಂಶವನ್ನು ಶೇ. 70ರಿಂದ 80ರ ನಡುವೆ ಇರಿಸಿ ತಟ್ಟೆಗಳಿಗೆ ತುಂಬಲಾಗುತ್ತದೆ. ತೇವ ಹೆಚ್ಚಾದರೆ ಕಡೆಯಲ್ಲಿ ಜರಡಿ ಹಿಡಿಯಲಾಗುವುದಿಲ್ಲ. ಕಡಿಮೆಯಾದರೆ ಹುಳು ತಿನ್ನಲಾರದು. ಕಲ್ಲಂಗಡಿ, ಟೊಮೆಟೊಗಳಂತಹ ನೀರು ತುಂಬಿದ ಕಸಕ್ಕೆ ತೌಡು ಅಥವಾ ತೆಂಗಿನ ನಾರಿನ ಪುಡಿ ಬೆರೆಸಬೇಕಾಗುತ್ತದೆ. ಉಷ್ಣಾಂಶ 26ರಿಂದ 30 ಡಿಗ್ರಿ ಸೆಲ್ಸಿಯಸ್ ಇರುವುದು ಉತ್ತಮ. ಹುಳುಗಳ ಚಟುವಟಿಕೆಯಿಂದಲೇ ತಟ್ಟೆ ಕಾಯುವುದರಿಂದ ಪದರ ದಪ್ಪವಾದರೆ ಹುಳುಗಳು ಬೆಂದು ಹೋಗುವ ಅಪಾಯವಿದೆ. ಬಾಳೆದಿಂಡು, ತೆಂಗಿನ ಸಿಪ್ಪೆ, ಹುಲ್ಲಿನಂತಹ ನಾರಿನ ಪದಾರ್ಥಗಳು ಈ ಹುಳುವಿಗೆ ಜೀರ್ಣವಾಗವು.

ನಾಲ್ಕನೆಯದು ಕೊಯ್ಲು ಮತ್ತು ಸಂಸ್ಕರಣೆ. ಜರಡಿಯಲ್ಲಿ ಬೇರ್ಪಟ್ಟ ಹುಳುಗಳನ್ನು ಕುದಿನೀರಿನಲ್ಲಿ ಅದ್ದಿ, ಒಣಗಿಸಿ, ಬೇಕಾದಲ್ಲಿ ಎಕ್ಸ್‌ಪೆಲ್ಲರ್ ಯಂತ್ರದಲ್ಲಿ ಎಣ್ಣೆ ಹಿಂಡಲಾಗುತ್ತದೆ. ಜರಡಿಯ ಮೇಲೆ ಅಥವಾ ಕೆಳಗೆ ಉಳಿಯುವ ಹಿಕ್ಕೆ ಮತ್ತು ಶೇಷವನ್ನು ಮಾಗಿಸಿ ಗೊಬ್ಬರವಾಗಿ ಬಳಸಬಹುದು.

ಸುರಬಾಯಾದ ಮಾದರಿ

ಈ ತಂತ್ರವು ಪ್ರಯೋಗಾಲಯದಿಂದ ಹೊರಬರಲು ದಶಕಗಳೇ ಹಿಡಿದವು. 1970ರ ದಶಕದಲ್ಲಿ ಅಮೆರಿಕದಲ್ಲಿ ಈ ಹುಳುವನ್ನು ಕೋಳಿ ಹಾಗೂ ಹಂದಿಗಳಿಗೆ ತಿನ್ನಿಸಿದ ಪ್ರಯೋಗಗಳು ನಡೆದವು. ಪಂಜರದಲ್ಲಿ ತಲೆಮಾರುಗಳವರೆಗೆ ನೊಣ ಬೆಳೆಸುವ ವಿಧಾನವನ್ನು ಕ್ರೇಗ್ ಶೆಪರ್ಡ್ ಮತ್ತು ಸಹೋದ್ಯೋಗಿಗಳು 2002ರಲ್ಲಿ ಪ್ರಕಟಿಸಿದ ನಂತರ ವಾಣಿಜ್ಯದ ಹಾದಿ ಸುಗಮವಾಯಿತು. 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಕೀಟಗಳನ್ನು ಆಹಾರ ಹಾಗೂ ಮೇವಾಗಿ ಬಳಸುವ ಬಗ್ಗೆ ವಿಸ್ತೃತ ವರದಿ ಹೊರತಂದಿತು.

ನಮ್ಮಂತಹ ಹವಾಮಾನ ಹಾಗೂ ಮಾರುಕಟ್ಟೆ ವ್ಯವಸ್ಥೆಗೆ ಹತ್ತಿರವಾದ ಅನುಭವ ಇಂಡೊನೇಷ್ಯದ್ದು. ಸುರಬಾಯಾ ನಗರದ ಸಮೀಪ ಸಿದೊಅರ್ಜೊದಲ್ಲಿರುವ ಪುಸ್ಪ ಆಗ್ರೊ ಸಗಟು ಮಾರುಕಟ್ಟೆಯ ಆವರಣದಲ್ಲಿ ಸ್ವಿಟ್ಜರ್ಲೆಂಡಿನ ಈವಾಗ್ ಸಂಶೋಧನಾ ಸಂಸ್ಥೆಯು ಪ್ರಾಯೋಗಿಕ ಘಟಕವನ್ನು ನಡೆಸಿತು. ಅಲ್ಲಿನ ಅನುಭವದ ಆಧಾರದ ಮೇಲೆ 2017ರಲ್ಲಿ ಹಂತ ಹಂತದ ಮಾರ್ಗದರ್ಶಿಯೊಂದನ್ನು ಪ್ರಕಟಿಸಿತು. ದುಬಾರಿ ಯಂತ್ರಗಳಿಲ್ಲದೆ, ಸಾಮಾನ್ಯ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಕೆಲಸ ಮಾಡುವ ವಿಧಾನ ಅದು. ಅದರ ಮೂಲಸೂತ್ರ ಸರಳ: 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ ತಟ್ಟೆಯೊಂದಕ್ಕೆ ಐದು ದಿನ ವಯಸ್ಸಿನ 10,000 ಮರಿಗಳು, 12 ದಿನಗಳಲ್ಲಿ ಒಟ್ಟು 15 ಕಿಲೋ ಹಸಿ ಕಸ.

ಒಂದು ಟನ್ನಿನ ಲೆಕ್ಕ

ಈ ಸೂತ್ರವನ್ನು ದಿನವೊಂದಕ್ಕೆ ಒಂದು ಟನ್ ಕಸ ಸ್ವೀಕರಿಸುವ ಸಣ್ಣ ಘಟಕಕ್ಕೆ ಅನ್ವಯಿಸಿದಾಗ ದೊರೆಯುವ ಚಿತ್ರ ಹೀಗಿದೆ.

ಒಂದು ಟನ್ ಕಸಕ್ಕೆ 67 ತಟ್ಟೆಗಳು, ಅಂದರೆ 6.7 ಲಕ್ಷ ಎಳೆಮರಿಗಳು ಬೇಕು. ಚಕ್ರ 12 ದಿನಗಳದ್ದಾದ್ದರಿಂದ ಏಕಕಾಲಕ್ಕೆ ಸುಮಾರು 800 ತಟ್ಟೆಗಳು ಬಳಕೆಯಲ್ಲಿರುತ್ತವೆ. ನೂರು ಮೊಟ್ಟೆಗಳಲ್ಲಿ 70 ಮರಿಗಳು ಐದನೆಯ ದಿನಕ್ಕೆ ಉಳಿಯುವುವೆಂದು ಭಾವಿಸಿದರೆ ಪ್ರತಿದಿನ 9.6 ಲಕ್ಷ ಮೊಟ್ಟೆಗಳು ಬೇಕು. ಒಂದು ಗ್ರಾಮಿನಲ್ಲಿ ಸುಮಾರು 40,000 ಮೊಟ್ಟೆಗಳಿರುವುದರಿಂದ ಇವುಗಳ ತೂಕ ಕೇವಲ 24 ಗ್ರಾಂ. ಸುಮಾರು 1,900 ಹೆಣ್ಣು ನೊಣಗಳು ಪ್ರತಿದಿನ ಮೊಟ್ಟೆಯಿಡಬೇಕು. ಎಲ್ಲ ನೊಣಗಳೂ ಮೊಟ್ಟೆಯಿಡವಾದ್ದರಿಂದ ಪಂಜರದಲ್ಲಿ ಅದರ ಹಲವು ಪಟ್ಟು ನೊಣಗಳಿರಬೇಕು. ಇಡೀ ಘಟಕದ ಭವಿಷ್ಯ ಈ 24 ಗ್ರಾಂ ಮೊಟ್ಟೆಯ ಮೇಲೆ ನಿಂತಿದೆಯೆಂದರೆ ಅತಿಶಯೋಕ್ತಿಯಲ್ಲ. ಒಂದು ವಾರ ಮೊಟ್ಟೆ ಬರದಿದ್ದರೆ ಕಸ ಬಾಗಿಲಲ್ಲಿ ಕೊಳೆಯುತ್ತದೆ.

ಪ್ರತಿ ಹುಳು 200 ಮಿಲಿಗ್ರಾಂ ತೂಗಿದರೆ ದಿನದ ಇಳುವರಿ 134 ಕಿಲೋ ಹಸಿ ಹುಳು. ಒಣಗಿದಾಗ ಇದು 40ರಿಂದ 44 ಕಿಲೋಗೆ ಇಳಿಯುತ್ತದೆ. ಸುಮಾರು 90 ಕಿಲೋ ನೀರು ಆವಿಯಾಗಬೇಕು. ಇದಕ್ಕೆ ಸೈದ್ಧಾಂತಿಕವಾಗಿಯೇ 60ರಿಂದ 70 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು, ವಾಸ್ತವದ ಡ್ರೈಯರುಗಳಲ್ಲಿ ಇನ್ನೂ ಹೆಚ್ಚು. ಇದರೊಂದಿಗೆ 200ರಿಂದ 400 ಕಿಲೋ ಹಿಕ್ಕೆ ಗೊಬ್ಬರ ಉಳಿಯುತ್ತದೆ. ಮೇಲಿನ ಇಳುವರಿ ಉತ್ತಮ ಮಿಶ್ರ ಆಹಾರ ತ್ಯಾಜ್ಯಕ್ಕೆ ಸಂಬಂಧಿಸಿದ್ದು. ಬರೀ ಹಣ್ಣು ತರಕಾರಿಯ ಕಸವಾದರೆ ಪ್ರೋಟೀನ್ ಕೊರತೆಯಿಂದ ಇಳುವರಿ ಇದರ ಅರ್ಧಕ್ಕಿಂತಲೂ ಕಡಿಮೆಯಾಗಬಹುದು.

ಒಣ ಹುಳುವಿಗೆ ಕಿಲೋಗೆ 60 ರೂ., ಗೊಬ್ಬರಕ್ಕೆ ಕಿಲೋಗೆ 5 ರೂ. ದೊರೆಯುವುದೆಂದು ಉದಾಹರಣೆಗಾಗಿ ಭಾವಿಸೋಣ. 42 ಕಿಲೋ ಹುಳುವಿನಿಂದ 2,520 ರೂ., 250 ಕಿಲೋ ಗೊಬ್ಬರದಿಂದ 1,250 ರೂ., ಒಟ್ಟು 3,770 ರೂ. ಈ ಮೊತ್ತದಲ್ಲಿಯೇ ಕೂಲಿ, ಸಾಗಣೆ, ಇಂಧನ, ಬಾಡಿಗೆ, ಎಳೆಮರಿಗಳ ಮೇವು, ಸಾಲದ ಬಡ್ಡಿ ಎಲ್ಲವೂ ಹೊಂದಬೇಕು. ಮೂರು ಜನರ ಕೂಲಿಯನ್ನು ಕಳೆದರೆ ಉಳಿಯುವುದು ಎಷ್ಟೆಂಬುದನ್ನು ಯಾವ ಉದ್ಯಮಿಯೂ ಲೆಕ್ಕ ಹಾಕಬಲ್ಲನು.

ಈ ಲೆಕ್ಕದಿಂದ ಹೊರಡುವ ನಿರ್ಣಯ ಸ್ಪಷ್ಟವಾಗಿದೆ. ಸಣ್ಣ ಪ್ರಮಾಣದಲ್ಲಿ ಹುಳುವಿನ ಮಾರಾಟವೊಂದರಿಂದಲೇ ಘಟಕ ನಡೆಯುವುದು ಕಷ್ಟ. ಕಸ ಸ್ವೀಕರಿಸಲು ದೊರೆಯುವ ಶುಲ್ಕ, ಹುಳು, ಗೊಬ್ಬರ ಈ ಮೂರೂ ಸೇರಿದಾಗಲೇ ವ್ಯವಹಾರ ನಿಲ್ಲುತ್ತದೆ. ಇದು ಮೂಲತಃ ಕಸ ವಿಲೇವಾರಿಯ ಉದ್ಯಮ. ಪಶು ಆಹಾರ ಅದರ ಉಪ ಉತ್ಪನ್ನ ಎಂದು ಭಾವಿಸಿ ಯೋಜನೆ ರೂಪಿಸುವವರು ಮೋಸಹೋಗುವ ಸಂಭವ ಕಡಿಮೆ.

ಕಾನೂನು ಮತ್ತು ಮಾರುಕಟ್ಟೆ

ಹುಳುವಿಗೆ ಏನನ್ನು ತಿನ್ನಿಸಲಾಗಿದೆ ಎಂಬುದೇ ಅದು ಯಾವ ಮಾರುಕಟ್ಟೆಗೆ ಹೋಗಬಹುದೆಂಬುದನ್ನು ನಿರ್ಧರಿಸುತ್ತದೆ. ಯುರೋಪಿಯನ್ ಒಕ್ಕೂಟವು 2017ರ ಜುಲೈ 1ರಿಂದ ಏಳು ಜಾತಿಯ ಕೀಟಗಳ ಪ್ರೋಟೀನನ್ನು ಮೀನು ಸಾಕಣೆಯ ಆಹಾರದಲ್ಲಿ ಬಳಸಲು ಅನುಮತಿಸಿತು. 2021ರಲ್ಲಿ ಕೋಳಿ ಹಾಗೂ ಹಂದಿಗಳ ಆಹಾರಕ್ಕೂ ಇದನ್ನು ವಿಸ್ತರಿಸಿತು. ಆದರೆ ಹೋಟೆಲ್ ಊಟದ ಉಳಿಕೆ, ಗೊಬ್ಬರ, ಮಲ ಇತ್ಯಾದಿಗಳ ಮೇಲೆ ಬೆಳೆದ ಹುಳುವಿಗೆ ಅಲ್ಲಿ ಪ್ರವೇಶವಿಲ್ಲ. ಕೀಟವನ್ನೂ ಸಾಕುಪ್ರಾಣಿಯೆಂದೇ ಪರಿಗಣಿಸಿ, ಅದರ ಮೇವಿಗೂ ಪಶು ಆಹಾರದ ನಿಯಮಗಳನ್ನೇ ಅನ್ವಯಿಸಲಾಗಿದೆ. ಹುಚ್ಚು ಹಸು ರೋಗದ ಕಹಿ ಅನುಭವವೇ ಈ ಬಿಗಿ ನಿಲುವಿಗೆ ಕಾರಣ. ಕೆನ್ಯಾ ದೇಶವು 2017ರಲ್ಲಿ ಪಶು ಆಹಾರಕ್ಕೆ ಬಳಸುವ ಒಣ ಕೀಟಗಳಿಗೆ ಪ್ರತ್ಯೇಕ ಗುಣಮಟ್ಟ ಮಾನಕವನ್ನು ರೂಪಿಸಿತು.

ಅಗ್ಗದ ಕಸ ಆರಿಸಿಕೊಂಡರೆ ರಫ್ತು ಮಾರುಕಟ್ಟೆ ಮುಚ್ಚುತ್ತದೆ. ರಫ್ತಿಗಾಗಿ ತೌಡು, ಧಾನ್ಯದ ಶೇಷ ಮುಂತಾದ ಶುದ್ಧ ಮೇವು ಬಳಸಿದರೆ, ಆ ಪದಾರ್ಥಗಳಿಗೆ ಈಗಾಗಲೇ ಹಸುವಿನ ಮೇವಾಗಿ ಬೆಲೆಯಿದೆ. ಬಿಯರ್ ಕಾರ್ಖಾನೆಗಳ ಬಳಸಿದ ಬಾರ್ಲಿ ಇದಕ್ಕೆ ಉತ್ತಮ ಉದಾಹರಣೆ. ಹುಳು ಸಾಕುವವನು ಅಲ್ಲಿ ಹೈನುಗಾರನೊಡನೆ ಪೈಪೋಟಿಗಿಳಿಯಬೇಕು.

ಸುರಕ್ಷತೆಯ ದೃಷ್ಟಿಯಿಂದ ಮುಖ್ಯವಾದ ಅಂಶ ಭಾರ ಲೋಹಗಳದು. ಕಸದಲ್ಲಿ ಕ್ಯಾಡ್ಮಿಯಂ ಇದ್ದರೆ ಅದು ಹುಳುವಿನ ದೇಹದಲ್ಲಿ ಸಂಚಯವಾಗುತ್ತದೆ. ಹುಳುಗಳು ಸಾಲ್ಮೊನೆಲ್ಲಾದಂತಹ ರೋಗಾಣುಗಳನ್ನು ತಗ್ಗಿಸುವುದು ಪ್ರಯೋಗಗಳಲ್ಲಿ ಕಂಡಿದ್ದರೂ ಪೂರ್ಣ ನಾಶಪಡಿಸುವುದಿಲ್ಲ. ಶಾಖ ಸಂಸ್ಕರಣೆ ಕಡ್ಡಾಯವೆಂದೇ ತಿಳಿಯಬೇಕು. ಮಿಶ್ರ ಕಸವನ್ನು ಆರಿಸಿ ಬಳಸುವುದಕ್ಕಿಂತ ಮೂಲದಲ್ಲಿಯೇ ವಿಂಗಡಿಸಿದ ಕಸವನ್ನು ಒಪ್ಪಂದದ ಮೇಲೆ ಪಡೆಯುವುದೇ ಕ್ಷೇಮ. ಹಿಕ್ಕೆಯನ್ನು ಗೊಬ್ಬರವೆಂದು ಚೀಲದಲ್ಲಿ ತುಂಬಿ ಮಾರುವವರು 1985ರ ರಸಗೊಬ್ಬರ ನಿಯಂತ್ರಣ ಆದೇಶದ ಅಡಿಯ ಸಾವಯವ ಗೊಬ್ಬರದ ಮಾನಕಗಳ ಬಗ್ಗೆ ಕೃಷಿ ಇಲಾಖೆಯಲ್ಲಿ ವಿಚಾರಿಸಬೇಕು.

ರೇಷ್ಮೆ ನಾಡಿನ ಅವಕಾಶ

ಕೀಟ ಪ್ರೋಟೀನ್ ಕರ್ನಾಟಕಕ್ಕೆ ಹೊಸದೇನಲ್ಲ. ರಾಮನಗರ, ಶಿಡ್ಲಘಟ್ಟದ ರೀಲಿಂಗ್ ಘಟಕಗಳಲ್ಲಿ ನೂಲು ಬಿಚ್ಚಿದ ನಂತರ ಉಳಿಯುವ ಪ್ಯೂಪಾ, ಹಸಿ ಗೂಡಿನ ತೂಕದಲ್ಲಿ ಸುಮಾರು ಐದನೇ ನಾಲ್ಕು ಭಾಗದಷ್ಟಿರುತ್ತದೆ. ಒಣಗಿಸಿದ ಪ್ಯೂಪಾದಲ್ಲಿ ಪ್ರೋಟೀನ್ ಹಾಗೂ ಎಣ್ಣೆ ಸಮೃದ್ಧವಾಗಿದ್ದು, ಎಣ್ಣೆ ತೆಗೆಯಲು ಹಾಗೂ ಮೀನು, ಕೋಳಿಗಳ ಆಹಾರಕ್ಕೆ ಇದು ಬಹುಕಾಲದಿಂದ ಬಳಕೆಯಲ್ಲಿದೆ. ತಡಮಾಡಿದರೆ ಕೊಳೆತು ದುರ್ವಾಸನೆ ಬೀರುವುದೇ ಅದರ ಮುಖ್ಯ ತೊಡಕು. ಒಣಗಿಸುವ ವ್ಯವಸ್ಥೆ ಸುಧಾರಿಸಿದಷ್ಟೂ ಬೆಲೆ ಏರುತ್ತದೆ. ಯುರೋಪಿಯನ್ ಒಕ್ಕೂಟವು 2021ರ ನವೆಂಬರ್‌ನಲ್ಲಿ ಅನುಮತಿತ ಕೀಟಗಳ ಪಟ್ಟಿಗೆ ರೇಷ್ಮೆ ಹುಳುವನ್ನೂ ಎಂಟನೆಯದಾಗಿ ಸೇರಿಸಿರುವುದು ಈ ಭಾಗದ ವರ್ತಕರು ಗಮನಿಸಬೇಕಾದ ಬೆಳವಣಿಗೆ. 2019ರಲ್ಲಿ ಆರಂಭವಾದ ಬೆಂಗಳೂರಿನ ಲೂಪ್‌ವರ್ಮ್ ಸಂಸ್ಥೆಯು ರೇಷ್ಮೆ ಹುಳು ಹಾಗೂ ಕಪ್ಪು ಸೈನಿಕ ನೊಣಗಳೆರಡರಿಂದಲೂ ಪಶು ಆಹಾರದ ಪದಾರ್ಥಗಳನ್ನು ತಯಾರಿಸುವ ಹಾದಿ ಹಿಡಿದಿದೆ.

ಚಾಕಿ ಕೇಂದ್ರಗಳ ಮಾದರಿಯಿಂದಲೂ ಕಲಿಯುವುದಿದೆ. ಮೊಟ್ಟೆ ಹಾಗೂ ಎಳೆಮರಿಗಳ ಪೋಷಣೆ ಕೌಶಲ ಬೇಡುವ ಕೆಲಸ. ಕಸ ತಿನ್ನಿಸುವುದು ಜಾಗ ಹಾಗೂ ಶ್ರಮ ಬೇಡುವ ಕೆಲಸ. ಒಂದು ಕೇಂದ್ರವು ಐದು ದಿನದ ಮರಿಗಳನ್ನು ಒದಗಿಸಿ, ಹಲವು ಸಣ್ಣ ಘಟಕಗಳು ಕಸವಿರುವಲ್ಲಿಯೇ ಅವುಗಳನ್ನು ಬೆಳೆಸಿದರೆ, ಮುಕ್ಕಾಲು ಪಾಲು ನೀರೇ ಆಗಿರುವ ಕಸವನ್ನು ಲಾರಿಯಲ್ಲಿ ಹೊತ್ತು ತಿರುಗುವ ವೆಚ್ಚ ತಪ್ಪುತ್ತದೆ. ಕಸ ಪುಡಿಮಾಡುವ ಯಂತ್ರ, ಸುತ್ತು ಜರಡಿ, ತಟ್ಟೆಗಳು, ಡ್ರೈಯರ್, ಸಣ್ಣ ಎಕ್ಸ್‌ಪೆಲ್ಲರ್‌ಗಳ ತಯಾರಿಕೆಯಲ್ಲಿ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಸಣ್ಣ ಉದ್ಯಮಗಳಿಗೂ ಕೆಲಸವುಂಟು.

ದೊಡ್ಡವರ ಪಾಠ

2021ರಲ್ಲಿ ರಾಬೊಬ್ಯಾಂಕ್ ತನ್ನ ವರದಿಯಲ್ಲಿ ಕೀಟ ಪ್ರೋಟೀನಿನ ಬೇಡಿಕೆ 2030ರ ವೇಳೆಗೆ 5 ಲಕ್ಷ ಟನ್ ತಲುಪಬಹುದೆಂದು ಅಂದಾಜಿಸಿತ್ತು. ಅದೇ ವೇಳೆ ಯುರೋಪಿನಲ್ಲಿ ಕೀಟದ ಪುಡಿಯ ಬೆಲೆ ಟನ್ನಿಗೆ 3,500ರಿಂದ 5,500 ಯೂರೊ ಇದ್ದು, ಮೀನುಪುಡಿಯ ಎರಡು ಪಟ್ಟನ್ನೂ ಮೀರಿತ್ತು. ಈ ಅಂತರವೇ ಹಲವರನ್ನು ಮುಳುಗಿಸಿತು. 2011ರಲ್ಲಿ ಆರಂಭವಾಗಿ, 60 ಕೋಟಿ ಡಾಲರಿಗೂ ಮೀರಿದ ಬಂಡವಾಳ ಸಂಗ್ರಹಿಸಿ, ಹಿಟ್ಟಿನ ಹುಳುವನ್ನು ಸಾಕಲು ಬೃಹತ್ ಸ್ವಯಂಚಾಲಿತ ಕಾರ್ಖಾನೆ ಕಟ್ಟಿದ ಫ್ರಾನ್ಸಿನ ಇನ್‌ಸೆಕ್ಟ್ ಸಂಸ್ಥೆ 2025ರ ಡಿಸೆಂಬರ್‌ನಲ್ಲಿ ಸಮಾಪನೆಗೊಂಡಿತು. ಪಶು ಆಹಾರವೆಂಬುದು ಪೈಸೆ ಲೆಕ್ಕದ ಮಾರುಕಟ್ಟೆ. ತಯಾರಕನು ಹುಳುವಿನ ಪುಡಿಯನ್ನು ಸೋಯಾ ಹಿಂಡಿಯೊಡನೆ ಪ್ರೋಟೀನಿನ ಪ್ರತಿ ಅಂಶದ ಬೆಲೆಯಲ್ಲಿ ತೂಗುತ್ತಾನೆಯೇ ಹೊರತು ಪರಿಸರದ ಹೆಸರಿನಲ್ಲಿ ಹೆಚ್ಚು ಕೊಡುವುದಿಲ್ಲ. ಸಾಕು ನಾಯಿ, ಅಲಂಕಾರಿಕ ಮೀನುಗಳ ಆಹಾರದಲ್ಲಿ ಬೆಲೆ ಉತ್ತಮವಾಗಿದ್ದರೂ ಆ ಮಾರುಕಟ್ಟೆ ಕಿರಿದು.

ಆರಂಭಿಸುವ ಮುನ್ನ

ಆಸಕ್ತ ಉದ್ಯಮಿಗಳು ಈ ಕೆಳಕಂಡ ಅಂಶಗಳನ್ನು ಖಚಿತಪಡಿಸಿಕೊಳ್ಳುವುದು ಒಳಿತು.

1. ವರ್ಷವಿಡೀ ವಿಂಗಡಿತ ಕಸ ದೊರೆಯುವ ಬಗ್ಗೆ ಲಿಖಿತ ಒಪ್ಪಂದ, ಸಾಧ್ಯವಿದ್ದಲ್ಲಿ ಸ್ವೀಕೃತಿ ಶುಲ್ಕದೊಂದಿಗೆ. ಇಂದು ಉಚಿತವಾಗಿ ದೊರೆಯುವ ಕಸಕ್ಕೆ ನಾಳೆ ಬೆಲೆ ಬರಬಹುದೆಂಬುದನ್ನು ಮರೆಯಬಾರದು.

2. ಖರೀದಿದಾರ ಯಾರು, ಅವನಿಗೆ ಬೇಕಾದುದು ಜೀವಂತ ಹುಳುವೇ, ಒಣ ಹುಳುವೇ, ಎಣ್ಣೆ ತೆಗೆದ ಪುಡಿಯೇ ಎಂಬ ನಿರ್ಧಾರ. ಸಮೀಪದ ನಾಟಿಕೋಳಿ ಅಥವಾ ಮೀನು ಸಾಕಣೆದಾರರಿಗೆ ಹುಳುವನ್ನು ಜೀವಂತವಾಗಿಯೇ ಮಾರಿದರೆ ಒಣಗಿಸುವ ವೆಚ್ಚ ಪೂರ್ತಿ ಉಳಿಯುತ್ತದೆ.

3. ಒಂದು ಮಳೆಗಾಲ ಹಾಗೂ ಒಂದು ಚಳಿಗಾಲವನ್ನು ಒಳಗೊಂಡಂತೆ, ದಿನಕ್ಕೆ 50ರಿಂದ 100 ಕಿಲೋ ಕಸದ ಪ್ರಮಾಣದಲ್ಲಿ ಪ್ರಯೋಗ. ಮೊಟ್ಟೆಯ ಇಳುವರಿ ಎರಡೂ ಋತುಗಳಲ್ಲಿ ಸ್ಥಿರವಾಗಿ ನಿಂತ ನಂತರವಷ್ಟೇ ವಿಸ್ತರಣೆ.

4. ಪ್ರತಿ ತಂಡದ ಪ್ರೋಟೀನ್, ಕೊಬ್ಬು, ತೇವಾಂಶಗಳ ಹಾಗೂ ಆಗಾಗ್ಗೆ ಭಾರ ಲೋಹ, ರೋಗಾಣುಗಳ ಪರೀಕ್ಷೆ. ವರದಿಯಿಲ್ಲದ ಸರಕನ್ನು ದೊಡ್ಡ ಆಹಾರ ತಯಾರಕರು ಮುಟ್ಟುವುದಿಲ್ಲ.

5. ವಾಸನೆ, ಇರುವೆ, ಇಲಿಗಳ ನಿಯಂತ್ರಣ ಹಾಗೂ ಸ್ಥಳೀಯ ಸಂಸ್ಥೆ, ಮಾಲಿನ್ಯ ನಿಯಂತ್ರಣ ಮಂಡಳಿಗಳ ಅನುಮತಿ. ನೆರೆಹೊರೆಯವರ ದೂರಿನಿಂದ ಮುಚ್ಚಿದ ಘಟಕಕ್ಕೆ ವಿಮೆಯ ರಕ್ಷಣೆ ದೊರೆಯದು.

6. ಗೊಬ್ಬರದ ಮಾರಾಟಕ್ಕೆ ಪ್ರತ್ಯೇಕ ವ್ಯವಸ್ಥೆ. ತೂಕದಲ್ಲಿ ಇದೇ ಘಟಕದ ಅತಿ ದೊಡ್ಡ ಉತ್ಪನ್ನ. ಮಾರಾಟವಾಗದಿದ್ದರೆ ಅದು ಮತ್ತೆ ಕಸವೇ.

ಅತಿ ಉತ್ಸಾಹದಿಂದ ಸಾಲ ಮಾಡಿ ಧುಮುಕುವವರಿಗೆ ಈ ಉದ್ಯಮ ಸೂಕ್ತವಲ್ಲ. ಆದರೆ ಕಸವನ್ನು ಈಗಾಗಲೇ ಹಣ ತೆತ್ತು ಸಾಗಿಸುತ್ತಿರುವ ಆಹಾರ ಸಂಸ್ಕರಣಾ ಘಟಕಗಳು, ಮಾರುಕಟ್ಟೆ ಸಮಿತಿಗಳು ಮತ್ತು ಸ್ವಂತ ಕೋಳಿ ಅಥವಾ ಮೀನು ಸಾಕಣೆಯಿರುವ ಉದ್ಯಮಿಗಳಿಗೆ ಲೆಕ್ಕ ಬೇರೆಯೇ ಆಗುತ್ತದೆ. ಅವರಿಗೆ ಕಸದ ಸಾಗಣೆ ವೆಚ್ಚದ ಉಳಿತಾಯವೇ ಮೊದಲ ಲಾಭ, ಕೊಳ್ಳಬೇಕಿದ್ದ ಪ್ರೋಟೀನಿನ ಉಳಿತಾಯ ಎರಡನೆಯದು. ಮಾರುಕಟ್ಟೆ ಹುಡುಕುವ ತೊಂದರೆಯೂ ಅವರಿಗಿಲ್ಲ. ಈ ವರ್ಗದ ಉದ್ಯಮಿಗಳಿಂದ ಆರಂಭವಾದಲ್ಲಿ ಮರಿಹುಳು ಸಾಕಣೆಯು ನಿಧಾನವಾಗಿಯಾದರೂ ಭದ್ರವಾಗಿ ಬೇರೂರಬಲ್ಲದು.